ಕಾಗದದ ಮೇಲೆ ಬೆಳೆದ ಮೆಣಸು

2018ರಲ್ಲಿ ಒಂದು ಭಾನುವಾರ ಬೆಳಿಗ್ಗೆ ನನ್ನ ಭಾಮೈದ ಫೋನ್ ಮಾಡಿದ. ಮೂಡಿಗೆರೆ ಹತ್ತಿರ ಅವನದು ಸಣ್ಣ ಕಾಫಿ ತೋಟ, ಸಿಲ್ವರ್ ಓಕ್ ಮರಗಳಿಗೆಲ್ಲ ಮೆಣಸಿನ ಬಳ್ಳಿ ಹಬ್ಬಿಸಿದ್ದಾನೆ. ಮಳೆ ಹೇಗಿದೆ, ಮುಂಬೈ ಹೇಗಿದೆ ಅನ್ನೋ ಮಾತೇ ಇಲ್ಲ. ಸೀದಾ ಕೇಳಿದ: "ಭಾವ, ನೀವು ಬ್ಯಾಂಕಲ್ಲಿ ಇಂಪೋರ್ಟ್ ಕಾಗದ ಎಲ್ಲಾ ನೋಡ್ತೀರಲ್ಲ, ಸಿಲೋನ್ ಮೆಣಸು ಅಂತ ಬಂದಿದ್ದು ನಿಜವಾಗ್ಲೂ ಸಿಲೋನಿಂದಾ ಅಲ್ವಾ ಅಂತ ನೋಡಲ್ವಾ?"

"ನೋಡಲ್ಲಪ್ಪ. ನಾವು ನೋಡೋದು ಕಾಗದ. ಮೂಟೆ ಬಿಚ್ಚಿ ನೋಡೋದು ನಮ್ಮ ಕೆಲಸ ಅಲ್ಲ" ಅಂದೆ.

ಅವನಿಗೆ ಸಿಟ್ಟು ಬಂತು. ಬರಬೇಕಾದ್ದೇ. 2016ರ ಆಸುಪಾಸಿನಲ್ಲಿ ಕಿಲೋಗೆ 700 ರೂಪಾಯಿ ಹತ್ತಿರ ಇದ್ದ ಕಾಳುಮೆಣಸು ಎರಡು ವರ್ಷದಲ್ಲಿ 400ರ ಕೆಳಗೆ ಇಳಿದಿತ್ತು. ಕಾಫಿ ಕೈಕೊಟ್ಟ ವರ್ಷ ತೋಟದ ಮನೆಗಳು ನಡೆಯುವುದೇ ಮೆಣಸಿನ ದುಡ್ಡಿನಲ್ಲಿ. ಮಕ್ಕಳ ಫೀಸು, ಆಳುಗಳ ಬಟವಾಡೆ, ನಮ್ಮಂಥ ಬ್ಯಾಂಕಿನವರ ಬಡ್ಡಿ, ಎಲ್ಲ ಅದರಲ್ಲೇ ಬರಬೇಕು. ಫೋನ್ ಇಟ್ಟ ಮೇಲೆ ನನಗೇ ಸಮಾಧಾನ ಆಗಲಿಲ್ಲ. ಈ ಕಥೆ ಎಲ್ಲಿಂದ ಶುರುವಾಯಿತು ಅಂತ ಹಿಂದಕ್ಕೆ ಹೋಗಿ ನೋಡಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಶುರುವಾಗಿದ್ದು 1998ರ ಡಿಸೆಂಬರ್ 28ರಂದು, ದೆಹಲಿಯಲ್ಲಿ. ಆವತ್ತು ಪ್ರಧಾನಿ ವಾಜಪೇಯಿ ಮತ್ತು ಶ್ರೀಲಂಕಾದ ಅಧ್ಯಕ್ಷೆ ಚಂದ್ರಿಕಾ ಕುಮಾರತುಂಗ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದರು. 2000ದ ಮಾರ್ಚ್ 1ರಿಂದ ಅದು ಜಾರಿಗೆ ಬಂತು. ನೇಪಾಳ, ಭೂತಾನ್‌ಗಳ ಹಳೇ ಏರ್ಪಾಡು ಬಿಟ್ಟರೆ ನಮ್ಮ ದೇಶ ಇಂಥ ಒಪ್ಪಂದಕ್ಕೆ ಕೈಹಾಕಿದ್ದು ಅದೇ ಮೊದಲು. ಲಂಕೆ ಚಿಕ್ಕ ದೇಶ, ಹಾಗಾಗಿ ನಾವು ದೊಡ್ಡಣ್ಣನ ಹಾಗೆ ಸ್ವಲ್ಪ ಧಾರಾಳವಾಗಿಯೇ ನಡೆದುಕೊಂಡೆವು. ಸಾವಿರದ ಮುನ್ನೂರಕ್ಕೂ ಹೆಚ್ಚು ಸರಕುಗಳಿಗೆ ಮೊದಲ ದಿನವೇ ಸುಂಕ ಸೊನ್ನೆ, ಉಳಿದವಕ್ಕೆ ಮೂರು ವರ್ಷದ ಗಡುವು. ಲಂಕೆಗೆ ಮಾತ್ರ ಎಂಟು ವರ್ಷ.

ಧಾರಾಳ ಅಂದೆ, ಆದರೆ ಎಲ್ಲದರಲ್ಲೂ ಅಲ್ಲ. ಚಹಾ ಅಂದಾಗ ನೀಲಗಿರಿ, ಅಸ್ಸಾಂ ನೆನಪಾಯಿತು. ಲಂಕೆಯ ಚಹಾಕ್ಕೆ ಅರ್ಧ ಸುಂಕ ಮಾತ್ರ ಮಾಫಿ, ಅದೂ ವರ್ಷಕ್ಕೆ ಒಂದೂವರೆ ಕೋಟಿ ಕಿಲೋ ತನಕ ಮಾತ್ರ ಎಂದು ಮಿತಿ ಹಾಕಿದರು. ಇದಕ್ಕೇ ಕೋಟಾ ಅನ್ನೋದು. ಇಷ್ಟು ಬರುವ ತನಕ ರಿಯಾಯಿತಿ, ಮೀರಿದರೆ ಪೂರ್ತಿ ಸುಂಕ, ಮುಂದಿನ ವರ್ಷ ಮತ್ತೆ ಸೊನ್ನೆಯಿಂದ ಲೆಕ್ಕ. ತಮಾಷೆ ಏನೆಂದರೆ ಈ ಚಹಾ ಕೋಟಾದಲ್ಲಿ ಬಂದದ್ದು ಸಣ್ಣ ಪಾಲು. ಗಲಾಟೆಯಾಗುತ್ತದೆ ಅಂದುಕೊಂಡ ಕಡೆ ಗಲಾಟೆಯೇ ಆಗಲಿಲ್ಲ.

ಮೆಣಸಿಗೆ ಆಗ ಕೋಟಾ ಇರಲಿಲ್ಲ. ವನಸ್ಪತಿಗೂ ಇರಲಿಲ್ಲ.

ಮೊದಲು ವನಸ್ಪತಿ ಕಥೆ ಹೇಳಿಬಿಡುತ್ತೇನೆ, ಅದು ಗೊತ್ತಾದರೆ ಮೆಣಸಿನದು ಸುಲಭ. ಡಾಲ್ಡಾ ಮಾಡುವುದು ತಾಳೆ ಎಣ್ಣೆಯಿಂದ. ತಾಳೆ ಎಣ್ಣೆ ಬರುವುದು ಮಲೇಷ್ಯಾ, ಇಂಡೋನೇಷ್ಯಾಗಳಿಂದ. 2005ರಲ್ಲಿ ನಾವು ಕಚ್ಚಾ ತಾಳೆ ಎಣ್ಣೆಗೆ 80 ಪರ್ಸೆಂಟ್ ಸುಂಕ ಹಾಕುತ್ತಿದ್ದೆವು. ಅದೇ ಎಣ್ಣೆ ಕೊಲಂಬೋಗೆ ಹೋಗಿ, ಅಲ್ಲಿನ ಫ್ಯಾಕ್ಟರಿಯಲ್ಲಿ ವನಸ್ಪತಿಯಾಗಿ ಇಲ್ಲಿಗೆ ಬಂದರೆ ಸುಂಕ ಸೊನ್ನೆ! ನಿಯಮವೂ ಅಡ್ಡಿ ಬರಲಿಲ್ಲ. ಲಂಕೆಯಲ್ಲಿ 35 ಪರ್ಸೆಂಟ್ ಮೌಲ್ಯ ಸೇರಿರಬೇಕು, ಸರಕಿನ ಕೋಡ್ ಬದಲಾಗಿರಬೇಕು, ಅಷ್ಟೆ. ಎಣ್ಣೆಯನ್ನು ಗಟ್ಟಿ ಮಾಡಿದರೆ ಕೋಡ್ ತಾನಾಗಿಯೇ ಬದಲಾಗುತ್ತದೆ. ಮೌಲ್ಯವನ್ನು ಬರೆಯುವ ಪೆನ್ನು ಮಾಲೀಕನ ಕೈಯಲ್ಲೇ ಇತ್ತು. ಆ ಫ್ಯಾಕ್ಟರಿಗಳಲ್ಲಿ ಹಲವನ್ನು ಕಟ್ಟಿದ್ದೂ ನಮ್ಮ ದೇಶದ ಬಂಡವಾಳವೇ. ಹಾಗಾಗಿ ಲಂಕೆಯವರನ್ನು ಬೈದು ಪ್ರಯೋಜನ ಇಲ್ಲ.

ಇಲ್ಲಿನ ವನಸ್ಪತಿ ಮಿಲ್ಲಿನವರು ಬಾಯಿ ಬಡಿದುಕೊಂಡ ಮೇಲೆ, ವನಸ್ಪತಿ, ಮಾರ್ಗರಿನ್, ಬೇಕರಿ ಕೊಬ್ಬು ಎಲ್ಲ ಸೇರಿ ವರ್ಷಕ್ಕೆ ಎರಡೂವರೆ ಲಕ್ಷ ಟನ್ ಎಂದು ಕೋಟಾ ಬಂತು. ಅದೇ ಸುತ್ತಿನಲ್ಲಿ ಮೆಣಸಿಗೂ 2,500 ಟನ್ ಕೋಟಾ ಆಯಿತು. ವನಸ್ಪತಿ ಪ್ರಕರಣ ಮುಗಿದದ್ದು ಮಾತ್ರ ಬೇರೆ ರೀತಿ. 2008ರಲ್ಲಿ ಬೆಲೆ ಏರಿಕೆ ತಡೆಯಲು ನಮ್ಮ ಸರ್ಕಾರ ಕಚ್ಚಾ ತಾಳೆ ಎಣ್ಣೆ ಸುಂಕವನ್ನೇ ತೆಗೆದುಹಾಕಿತು. ಸುಂಕದ ವ್ಯತ್ಯಾಸ ಹೋದ ಮೇಲೆ ಆ ಫ್ಯಾಕ್ಟರಿಗಳಿಗೆ ಕೆಲಸವೇ ಉಳಿಯಲಿಲ್ಲ. ಒಂದೊಂದಾಗಿ ಬಾಗಿಲು ಹಾಕಿದವು.

ಈಗ ಮೆಣಸಿಗೆ ಬರೋಣ. ಎಣ್ಣೆಯನ್ನಾದರೂ ವನಸ್ಪತಿ ಮಾಡಬೇಕಿತ್ತು. ಮೆಣಸಿಗೆ ಏನೂ ಮಾಡಬೇಕಾಗಿಲ್ಲ, ಚೀಲ ಬದಲಾಯಿಸಿದರೆ ಸಾಕು. ಜಗತ್ತಿನಲ್ಲಿ ಎಲ್ಲರಿಗಿಂತ ಹೆಚ್ಚು ಮೆಣಸು ಬೆಳೆಯುವುದು ವಿಯೆಟ್ನಾಂ, ಆಗ ಅಗ್ಗವಾಗಿ ಮಾರುತ್ತಿದ್ದುದೂ ಅದೇ. ನಮ್ಮಲ್ಲಿ ಮೆಣಸಿನ ಮಾಮೂಲಿ ಸುಂಕ 70 ಪರ್ಸೆಂಟ್. 2010ರಿಂದ ಜಾರಿಗೆ ಬಂದ ಆಸಿಯಾನ್ ಒಪ್ಪಂದದಲ್ಲೂ ಮೆಣಸನ್ನು ವಿಶೇಷ ಸರಕು ಎಂದು ಕಾಪಾಡಿಕೊಂಡೆವು, ಹತ್ತು ವರ್ಷದಲ್ಲಿ 50ಕ್ಕೆ ಮಾತ್ರ ಇಳಿಸಲು ಒಪ್ಪಿದೆವು. ಅಂದರೆ 100 ರೂಪಾಯಿಯ ವಿಯೆಟ್ನಾಂ ಮೆಣಸು ನೇರವಾಗಿ ಬಂದರೆ ಎಷ್ಟು ಕಡಿಮೆ ಅಂದರೂ 150 ರೂಪಾಯಿ. ಅದೇ ಮೆಣಸು ಲಂಕೆಯದು ಎಂಬ ಸರ್ಟಿಫಿಕೇಟ್ ಹೊತ್ತು ಬಂದರೆ 100 ರೂಪಾಯಿಯೇ. ಐವತ್ತು ರೂಪಾಯಿ ಇರುವುದು ಕಾಳಿನಲ್ಲಲ್ಲ, ಆ ಒಂದು ಕಾಗದದಲ್ಲಿ.

ಆ ಕಾಗದ ನನ್ನ ಮೇಜಿನ ಮೇಲೂ ಎಷ್ಟೋ ಸಲ ಹಾದುಹೋಗಿದೆ. ಇನ್‌ವಾಯ್ಸ್, ಬಿಲ್ ಆಫ್ ಲೇಡಿಂಗ್, ಜೊತೆಗೆ ಸರ್ಟಿಫಿಕೇಟ್ ಆಫ್ ಒರಿಜಿನ್. ಎಲ್‌ಸಿ ವ್ಯವಹಾರಕ್ಕೆ ಯುಸಿಪಿ 600 ಎಂಬ ನಿಯಮಾವಳಿ ಇದೆ. ಬ್ಯಾಂಕು ವ್ಯವಹರಿಸುವುದು ದಾಖಲೆಗಳ ಜೊತೆ, ಸರಕಿನ ಜೊತೆ ಅಲ್ಲ ಎಂದು ಅದರ 5ನೇ ವಿಧಿಯೇ ಹೇಳುತ್ತದೆ. ಹೆಸರು, ತೂಕ, ತಾರೀಖು ತಾಳೆಯಾದರೆ ಪೇಮೆಂಟ್. ನಾನು ಹಾಗೇ ಮಾಡಿದ್ದೇನೆ, ಬೇರೆ ದಾರಿ ಇರಲಿಲ್ಲ.

ಕಸ್ಟಮ್ಸ್‌ನವರು ಮೂಟೆ ಬಿಚ್ಚಬಹುದು, ಆದರೆ ಕಾಳು ನೋಡಿ ಊರು ಹೇಳುವುದು ಸುಲಭವಲ್ಲ. ಹಾಗಾಗಿ ನನ್ನ ಅಭಿಪ್ರಾಯದಲ್ಲಿ ಆ 2,500 ಟನ್ ಕೋಟಾ ಬಂದದ್ದೇ ಒಂದು ಸೋಲನ್ನು ಒಪ್ಪಿಕೊಂಡ ಹಾಗೆ. ಯಾವುದು ಲಂಕೆಯದು, ಯಾವುದು ಅಲ್ಲ ಎಂದು ಕಂಡುಹಿಡಿಯಲು ಆಗಲಿಲ್ಲ, ಅದಕ್ಕೇ ಎರಡನ್ನೂ ಸೇರಿಸಿ ತೂಕ ಹಾಕಿಬಿಟ್ಟರು. ಇದರಲ್ಲಿ ನಿಜವಾದ ಲಂಕೆ ಮೆಣಸಿಗೂ ಅನ್ಯಾಯ. ಮಾತಳೆ, ಕ್ಯಾಂಡಿ ಕಡೆಯ ಮೆಣಸಿನಲ್ಲಿ ಖಾರದ ಅಂಶ ಹೆಚ್ಚು, ಸತ್ವ ತೆಗೆಯುವ ನಮ್ಮ ಕಾರ್ಖಾನೆಗಳಿಗೆ ಅದು ಬೇಕೇ ಬೇಕು.

ಕೋಟಾವಾದರೂ ನಿಂತಿತೇ? ಪಕ್ಕದಲ್ಲೇ ಇನ್ನೊಂದು ಬಾಗಿಲು ತೆರೆದಿತ್ತು. ಸಾರ್ಕ್ ದೇಶಗಳು 2004ರಲ್ಲಿ ಇಸ್ಲಾಮಾಬಾದಿನಲ್ಲಿ ಸಾಫ್ಟಾ ಒಪ್ಪಂದ ಮಾಡಿಕೊಂಡಿದ್ದವು, 2006ರಿಂದ ಜಾರಿ. ಅದರಡಿ ಲಂಕೆಯ ಮೆಣಸಿಗೆ ಬರೀ 8 ಪರ್ಸೆಂಟ್ ಸುಂಕ, ಕೋಟಾ ಇಲ್ಲ. ಅಂದರೆ 2,500 ಟನ್ ಮುಗಿದ ಮೇಲೆ 100 ರೂಪಾಯಿ ಕೊಡುವ ಬದಲು 108 ಕೊಟ್ಟರಾಯಿತು! ಒಂದು ಕೈಯಲ್ಲಿ ಬೀಗ ಹಾಕಿ ಇನ್ನೊಂದು ಕೈಯಲ್ಲಿ ಕಿಟಕಿ ತೆರೆದ ಹಾಗಾಯಿತು.

ಪೋರ್ಚುಗೀಸರು ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಮೆಣಸಿನ ರಾಣಿ ಎಂದು ಕರೆದ ನಾಡು ನಮ್ಮದು. ಇತ್ತೀಚಿನ ವರ್ಷಗಳಲ್ಲಿ ಕೇರಳವನ್ನೂ ಹಿಂದೆ ಹಾಕಿ ದೇಶದಲ್ಲೇ ಹೆಚ್ಚು ಮೆಣಸು ಬೆಳೆಯುತ್ತಿರುವುದೂ ಕರ್ನಾಟಕವೇ. ಹಾಗಾಗಿ ಹೊಡೆತ ಬಿದ್ದದ್ದು ಹೆಚ್ಚಾಗಿ ಕೊಡಗು, ಚಿಕ್ಕಮಗಳೂರು, ಹಾಸನಕ್ಕೆ. ಬೆಳೆಗಾರರ ಸಂಘಗಳು ದೆಹಲಿಗೆ ಓಡಾಡಿದ ಮೇಲೆ, 2017ರ ಡಿಸೆಂಬರ್‌ನಲ್ಲಿ ಕಿಲೋಗೆ 500 ರೂಪಾಯಿಗಿಂತ ಕಡಿಮೆ ಬೆಲೆಯ ಮೆಣಸು ತರುವಂತಿಲ್ಲ ಎಂಬ ಆದೇಶ ಬಂತು. ಆಮೇಲೆ ಬೆಳೆಗಾರರಿಂದ ಹೊಸ ದೂರು: ಅಗ್ಗದ ಮೆಣಸಿಗೇ ಬಿಲ್ಲಿನಲ್ಲಿ 500 ಎಂದು ಬರೆಸಿ ತರುತ್ತಿದ್ದಾರೆ ಅಂತ. ಮತ್ತೆ ಕಾಗದವೇ ನೋಡಿ. ಭಾಮೈದ ಫೋನ್ ಮಾಡಿದ್ದು ಈ ಹೊತ್ತಿನಲ್ಲೇ.

ಒಂದು ದೊಡ್ಡ ಬೀಗ ಬಿದ್ದದ್ದು ಕೊಲಂಬೋದಿಂದ. ಹೊರಗಿನ ಮೆಣಸು ಅವರ ರೈತರ ಬೆಲೆಯನ್ನೂ ಕೆಡಿಸಿತ್ತು, ಸಿಲೋನ್ ಮೆಣಸಿನ ಹೆಸರನ್ನೂ. 2019ರ ಡಿಸೆಂಬರ್‌ನಲ್ಲಿ ಹೊಸದಾಗಿ ಅಧ್ಯಕ್ಷರಾದ ಗೋಟಬಯ ರಾಜಪಕ್ಸ ಅವರ ಸರ್ಕಾರ, ಮರುರಫ್ತಿಗೆಂದು ಮೆಣಸು ಮತ್ತಿತರ ಸಾಂಬಾರ ಪದಾರ್ಥ ತರಿಸುವುದನ್ನು ನಿಷೇಧಿಸಿತು. ಸುದ್ದಿ ಓದಿ ನಾನೇ ಭಾಮೈದನಿಗೆ ಫೋನ್ ಮಾಡಿದೆ.

"ಹೌದಾ ಭಾವ? ಅವರಿಗೂ ನಮ್ಮ ಗತಿಯೇ ಆಗಿತ್ತಾ?" ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ಸಲ ಸೊರಗು ರೋಗಕ್ಕೆ ನಲವತ್ತು ಬಳ್ಳಿ ಹೋಯ್ತು" ಅಂದ.