ಕಾಲಾಳಾಗುವವರು ಯಾರು?

ಕಳೆದ ರಜೆಯಲ್ಲಿ ಮಗನೊಡನೆ ಸೇಡಂ ತಾಲ್ಲೂಕಿನ ಮಳಖೇಡಕ್ಕೆ ಹೋಗಿದ್ದೆ. ರಾಷ್ಟ್ರಕೂಟರ ಮಾನ್ಯಖೇಟವೆಂದರೆ ಕಾಗಿಣಾ ತೀರದ ಈ ಊರೇ. ಅಲ್ಲಿಯೂ ಅವನಿಗೆ ಫೋನಿನ ಆಟದ್ದೇ ಚಿಂತೆ. ವಾಡಿ, ಶಹಾಬಾದಿನ ಗೆಳೆಯರು ಕೂಡಿ ಆಡುವ ಆ ಆಟದಲ್ಲಿ ಒಬ್ಬ ಬಿಲ್ಲುಗಾರ, ಒಬ್ಬ ಮಂತ್ರವಾದಿ. ಗಾಯ ಮಾಯಿಸುವ ವೈದ್ಯನಾಗಲು ಮಾತ್ರ ಯಾರೂ ಒಪ್ಪರಂತೆ.

ನನಗೆ ಚತುರಂಗದ ನೆನಪಾಯಿತು. ಆನೆ, ಕುದುರೆ, ರಥ, ಕಾಲಾಳು ಎಂಬ ಸೇನೆಯ ನಾಲ್ಕು ಅಂಗಗಳಿಂದಲೇ ಅದಕ್ಕೆ ಆ ಹೆಸರು. ಕಲ್ಯಾಣದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವೂ ಆ ಆಟವನ್ನು ವರ್ಣಿಸುತ್ತದೆ. ಅದಕ್ಕೂ ಮುಂಚೆ, ಸುಮಾರು 1030ರಲ್ಲಿ, ಹಿಂದೂಸ್ಥಾನದಲ್ಲಿ ನಾಲ್ವರು ಕೂಡಿ ದಾಳ ಹಾಕಿ ಅದನ್ನು ಆಡುತ್ತಿದ್ದರೆಂದು ಅಲ್ ಬೆರೂನಿ ಬರೆದಿಟ್ಟಿದ್ದಾನೆ. ಎರಡು ಬಿದ್ದರೆ ರಥ, ಮೂರಕ್ಕೆ ಕುದುರೆ, ನಾಲ್ಕಕ್ಕೆ ಆನೆ. ಒಂದು ಬಿದ್ದರೆ ಅರಸನೋ ಕಾಲಾಳೋ ನಡೆಯಬೇಕು. ಅರಸನಿಗೂ ಕಾಲಾಳಿಗೂ ಒಂದೇ ಅಂಕ!

ಹಾಸಿನ ಮೇಲಿನ ಈ ಸಮತೆ ಇತಿಹಾಸದಲ್ಲಿ ಎಲ್ಲಿಯದು? 972ರಲ್ಲಿ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಮಾಡಿದನು. ಅರಸರ ಹೆಸರು ಉಳಿಯಿತು. ನಗರವನ್ನು ಕಾಯುತ್ತಿದ್ದ ಕಾಲಾಳಿಗೆ ತನ್ನ ಪಾತ್ರವನ್ನು ಆರಿಸಿಕೊಳ್ಳುವ ಅವಕಾಶವೂ ಇರಲಿಲ್ಲ, ಮರಳಿ ಆಡಲು ಎರಡನೆಯ ಜೀವವೂ ಇರಲಿಲ್ಲ.

ಇದನ್ನೆಲ್ಲ ಹೇಳಿದಾಗ ಮಗ ಸುಮ್ಮನಿದ್ದ. ಸಂಜೆ ಬಸ್ಸಿನಲ್ಲಿ ಮೆಲ್ಲಗೆ ಎಂದ: “ಅಪ್ಪಾ, ಇವತ್ತ ವೈದ್ಯ ನಾನೇ ಆಗ್ತೀನಿ.”