ಬಳೇಪೇಟೆಯಿಂದ ಕೆಂಗೇರಿಗೆ: ಒಂದು ಪುರಸಭೆ ಮಾಯವಾದ ಕಥೆ

ಇವತ್ತಿನ ಎಪಿಸೋಡ್ ಬಳೇಪೇಟೆಯಿಂದ ಶುರು. ರಾತ್ರಿ ಅಂಗಡಿಗಳ ಶಟರ್ ಇಳಿಯೋ ಹೊತ್ತು. ವೀಣೆ, ಹಾರ್ಮೋನಿಯಂ ಮಾರೋ ಅಂಗಡಿಗಳನ್ನ ದಾಟಿ ಕೆಲಸದವರು ಚಿಕ್ಕಪೇಟೆ ಮೆಟ್ರೋಗೆ ಇಳೀತಾರೆ. ಮೆಜೆಸ್ಟಿಕ್‌ನಲ್ಲಿ ಹಸಿರು ಲೈನ್ ಬಿಟ್ಟು ನೇರಳೆ ಲೈನ್ ಹಿಡಿದ್ರೆ ಕೆಂಗೇರಿ.

"ಕೆಂಗೇರಿ ಅಂದ್ರೆ ಬೆಂಗಳೂರೇ ಅಲ್ವಾ?" ಅಂತೀರಾ? 2007ರ ಜನವರಿ ತನಕ ಅಲ್ಲ. ಅಲ್ಲೀವರೆಗೂ ಅದಕ್ಕೆ ತನ್ನದೇ ಪುರಸಭೆ ಇತ್ತು.

ಪೇಟೆಗೂ ಕೆಂಗೇರಿಗೂ ನಂಟು ಹಳೇದು. ಮೊದಲ ಕೊಂಡಿ ರೇಷ್ಮೆ. 1860ರ ದಶಕದಲ್ಲಿ ಡಿ ವೆಕ್ಕಿ ಅನ್ನೋ ಇಟಲಿಯವನು ಕೆಂಗೇರಿಯಲ್ಲಿ ಉಗಿ ಬಳಸಿ ರೇಷ್ಮೆ ನೂಲು ತೆಗೆಯೋ ಕಾರ್ಖಾನೆ ಹಾಕಿದ್ದ. ಎರಡನೇ ಕೊಂಡಿ ರೈಲು. 1876–78ರ ಭೀಕರ ಬರದಲ್ಲಿ ಹಸಿದವರಿಗೆ ಕೂಲಿ ಕೊಡೋಕೆ ಅಂತ ಬೆಂಗಳೂರು–ಮೈಸೂರು ಹಳಿ ಕೆಲಸ ಕೈಗೆತ್ತಿಕೊಂಡ್ರು. 1882ರ ಹೊತ್ತಿಗೆ ರೈಲು ಮೈಸೂರು ಮುಟ್ಟಿತ್ತು. ದಾರಿಯಲ್ಲಿ ಕೆಂಗೇರಿ ಸ್ಟೇಷನ್. ಆಮೇಲೆ ಮೈಸೂರು ರಸ್ತೆ ಬಸ್ಸು, ಉಪನಗರದ ಸೈಟುಗಳು. ಬೆಳಗ್ಗೆ ಪೇಟೆಗೆ, ರಾತ್ರಿ ಮನೆಗೆ ಅನ್ನೋ ಬದುಕು ಹೀಗೇ ಬೆಳೀತು.

ಮೂರನೇ ಕೊಂಡಿ ನೀರು. ಇದರ ಬಗ್ಗೆ ಯಾರೂ ಹೆಮ್ಮೆ ಪಡಲ್ಲ. ವೃಷಭಾವತಿ ಹುಟ್ಟೋದು ಬಸವನಗುಡಿಯ ದೊಡ್ಡ ಬಸವನ ಹತ್ತಿರ ಅಂತಾರೆ. ಹಳೇ ಬೆಂಗಳೂರಿನ ಕೊಳಚೆ ಹೊತ್ತು, ಮೈಸೂರು ರಸ್ತೆ ಪಕ್ಕದಲ್ಲೇ ಹರಿದು ಕೆಂಗೇರಿ ಸೇರ್ತಾಳೆ. ಮೇಲಿನವರು ಬಿಟ್ಟಿದ್ದು ಕೆಳಗಿನವರ ಮೂಗಿಗೆ! ಇದನ್ನ ಒಂದು ಪುಟ್ಟ ಪುರಸಭೆ ತಡೆಯೋದು ಹೇಗೆ?

ಅದಕ್ಕೇ ವಿಲೀನದ ವಾದದಲ್ಲಿ ತಿರುಳಿತ್ತು. 2007ರಲ್ಲಿ ಮಹಾನಗರ ಪಾಲಿಕೆ, 7 ನಗರಸಭೆ, 110 ಹಳ್ಳಿ ಸೇರಿ ಬಿಬಿಎಂಪಿ ಆಯ್ತು. ಆ ಪಟ್ಟಿಯಲ್ಲಿದ್ದ ಒಂದೇ ಒಂದು ಪುರಸಭೆ ಅಂದ್ರೆ ಕೆಂಗೇರಿ. ನದಿ, ರಸ್ತೆ, ಕಸ ಎಲ್ಲಾ ಒಂದೇ ಕೈಗೆ ಬಂದ್ರೆ ಕೆಲಸ ಸಲೀಸು ಅನ್ನೋ ಲೆಕ್ಕ.

ಆದ್ರೆ ಮೊದಲ ಪಾಲಿಕೆ ಚುನಾವಣೆ ನಡೆದಿದ್ದೇ 2010ರ ಮಾರ್ಚ್‌ನಲ್ಲಿ. ಅಲ್ಲೀತನಕ ಅಧಿಕಾರಿಗಳದ್ದೇ ಆಡಳಿತ. ಚುನಾವಣೆ ಆದ್ಮೇಲೆ ಕೆಂಗೇರಿ 198 ವಾರ್ಡುಗಳಲ್ಲಿ ಒಂದು. 2020ರ ಸೆಪ್ಟೆಂಬರ್‌ನಲ್ಲಿ ಕೌನ್ಸಿಲ್ ಅವಧಿ ಮುಗೀತು. ಮತ್ತೆ ವರ್ಷಗಟ್ಟಲೆ ಕಾರ್ಪೊರೇಟರೇ ಇಲ್ಲ. ಅದೇ ಗ್ಯಾಪ್‌ನಲ್ಲಿ, 2021ರ ಆಗಸ್ಟ್‌ನಲ್ಲಿ, ಮೆಟ್ರೋ ಕೆಂಗೇರಿಗೆ ಬಂತು. 2025ರಲ್ಲಿ ಬಿಬಿಎಂಪಿಯನ್ನೇ ಒಡೆದು 5 ಪಾಲಿಕೆ ಮಾಡಿದ್ರು.

ಅಂದ್ರೆ ಪೇಟೆ ಕೆಂಗೇರಿಗೆ ಹತ್ತಿರ ಆಗ್ತಾ ಬಂತು, ಬೀದಿ ದೀಪ ಕೆಟ್ಟರೆ ಕೇಳಬೇಕಾದ ಬಾಗಿಲು ದೂರ ಆಗ್ತಾ ಹೋಯ್ತು. ವಿಲೀನ ತಪ್ಪು ಅಂತ ನಾನು ಹೇಳ್ತಿಲ್ಲ. ನದಿಗೆ ವಾರ್ಡಿನ ಗಡಿ ಗೊತ್ತಿಲ್ಲ. ಆದ್ರೆ ಪುರಸಭೆ ಕೊಟ್ಟವರಿಗೆ ನದಿಯೂ ಇನ್ನೂ ತಿಳಿಯಾಗಿ ಸಿಕ್ಕಿಲ್ಲ.

ಮುಂದಿನ ಸಲ ನೇರಳೆ ಲೈನ್‌ನಲ್ಲಿ ಕೂತಾಗ ನಾಯಂಡಹಳ್ಳಿ ದಾಟಿದ ಮೇಲೆ ಫೋನಿಂದ ಒಂದ್ನಿಮಿಷ ತಲೆ ಎತ್ತಿ ಹೊರಗೆ ನೋಡಿ. ನೀವು ಕೆಂಗೇರಿಯವರಾಗಿದ್ರೆ, ಪುರಸಭೆ ಇದ್ದಾಗಿನ ನೆನಪು ನಿಮ್ಮ ಮನೆಯ ಹಿರಿಯರಿಗೆ ಇರುತ್ತೆ. ಕೇಳಿ, ನಮಗೆ ವಾಯ್ಸ್ ನೋಟ್ ಕಳಿಸಿ. ಸಿಗೋಣ.