ಗ್ಲಾಕೋಮಾ ಟ್ಯೂಬ್ ಆಪರೇಷನ್ ಬಳಿಕ ಕಣ್ಣಿನ ಪ್ರೆಶರ್ ಏರಿದರೆ ಆಪರೇಷನ್ ಫೇಲ್ ಆದಂತೆಯೇ?

ಹೇಳಿಕೆ
ಟ್ಯೂಬ್ ಹಾಕಿಸಿಕೊಂಡ ಮೇಲೂ ಕಣ್ಣಿನ ಪ್ರೆಶರ್ ಏರಿದರೆ ಆಪರೇಷನ್ ಫೇಲ್ ಆಗಿದೆ, ಇನ್ನು ಡ್ರಾಪ್ಸ್ ಹಾಕಿ ಪ್ರಯೋಜನವಿಲ್ಲ.

ಸತ್ಯಾಂಶ
ಇದು ದಾರಿ ತಪ್ಪಿಸುವ ಮಾತು. ಮೊದಲ ಕೆಲವು ತಿಂಗಳಲ್ಲಿ ಪ್ರೆಶರ್ ಏರುವುದು ಡಾಕ್ಟರುಗಳಿಗೆ ಗೊತ್ತಿರುವ ವಿಷಯವೇ. ಡ್ರಾಪ್ಸ್ ನಿಲ್ಲಿಸುವುದೇ ನಿಜವಾದ ಅಪಾಯ.

ಟ್ಯೂಬ್ ಏನು ಮಾಡುತ್ತದೆ?
ಕಣ್ಣಿನೊಳಗೆ ತಿಳಿನೀರು ಸದಾ ಹುಟ್ಟುತ್ತಿರುತ್ತದೆ, ಹೊರಗೂ ಹೋಗುತ್ತಿರುತ್ತದೆ. ಹೊರಹೋಗುವ ದಾರಿ ಕಟ್ಟಿಕೊಂಡರೆ ಒತ್ತಡ ಏರಿ ನೋಟದ ನರ ಹಾಳಾಗುತ್ತದೆ. ಆಗ ಟ್ಯೂಬ್ ಇಟ್ಟು, ಆ ನೀರನ್ನು ಬಿಳಿಗುಡ್ಡೆಯ ಮೇಲೆ ಕೂರಿಸಿದ ಸಣ್ಣ ಪ್ಲೇಟ್‌ನತ್ತ ಹರಿಸುತ್ತಾರೆ.

ಮತ್ತೆ ಪ್ರೆಶರ್ ಏರುವುದೇಕೆ?
ಅಹ್ಮದ್ ವಾಲ್ವ್‌ನಂಥ ವಾಲ್ವ್ ಇರುವ ಸಾಧನದಲ್ಲಿ ಒತ್ತಡ ಬೇಗ ಇಳಿಯುತ್ತದೆ. ಆಮೇಲೆ ಪ್ಲೇಟ್ ಸುತ್ತ ಗಾಯ ಮಾಯುವಾಗಿನ ಪದರ ಕಟ್ಟಿ, ನೀರು ಇಂಗುವುದು ಕಡಿಮೆಯಾಗುತ್ತದೆ. ಸಾಮಾನ್ಯವಾಗಿ 1ರಿಂದ 3 ತಿಂಗಳ ನಡುವೆ ಪ್ರೆಶರ್ 21 ದಾಟಬಹುದು. ಕೆಲವರಲ್ಲಿ ತಾನಾಗಿ ತಗ್ಗುತ್ತದೆ, ಹಲವರಿಗೆ ಡ್ರಾಪ್ಸ್ ಮುಂದುವರಿಸಬೇಕಾಗುತ್ತದೆ.

ಮದುರೆಯ ಅರೋಲ್ಯಾಬ್ ತಯಾರಿಸುವ 'ಆಡಿ' ಸಾಧನಕ್ಕೆ ವಾಲ್ವ್ ಇಲ್ಲ. ನೀರು ಒಮ್ಮೆಲೇ ಹರಿದುಹೋಗದಿರಲೆಂದು ಟ್ಯೂಬನ್ನು ಕರಗುವ ದಾರದಿಂದ ಬಿಗಿದಿರುತ್ತಾರೆ. ದಾರ ಕರಗಲು ಸುಮಾರು 4ರಿಂದ 6 ವಾರ ಬೇಕು. ಅಲ್ಲಿಯವರೆಗೆ ಟ್ಯೂಬ್ ಪೂರ್ತಿ ಕೆಲಸ ಶುರು ಮಾಡಿರುವುದಿಲ್ಲ, ಕಣ್ಣು ಕಾಯುವುದು ಡ್ರಾಪ್ಸೇ.

ಟ್ಯೂಬ್ ಕಟ್ಟಿಕೊಂಡರೂ, ಸ್ಟೀರಾಯ್ಡ್ ಡ್ರಾಪ್ಸ್‌ನಿಂದಲೂ ಪ್ರೆಶರ್ ಏರಬಹುದು. ಯಾವುದು ಕಾರಣ ಎಂಬುದು ಪರೀಕ್ಷೆಯಿಂದಲೇ ತಿಳಿಯಬೇಕು. ನೋವಿಲ್ಲವೆಂದರೆ ಪ್ರೆಶರ್ ಸರಿಯಿದೆ ಎಂದರ್ಥವಲ್ಲ.

ನಂದಿಬಟ್ಟಲು ರಸ, ಜೇನುತುಪ್ಪ ಬಿಡಬಹುದೇ?
ಬೇಡ. ಆಪರೇಷನ್ ಆದ ಕಣ್ಣಿಗೆ ಇವುಗಳಿಂದ ಸೋಂಕು ತಗುಲಬಹುದು. ಡಾಕ್ಟರು ಹೇಳದೆ ಕಣ್ಣು ತಿಕ್ಕುವುದು, ಒತ್ತುವುದೂ ಬೇಡ.

ಕಾರವಾರ, ಅಂಕೋಲಾದವರು ಏನು ಮಾಡಬೇಕು?
ನಮ್ಮ ಕಡೆಯ ಹಲವರು ತಜ್ಞರನ್ನು ಕಾಣಲು ಗೋವಾ, ಹುಬ್ಬಳ್ಳಿ ಅಥವಾ ಮಂಗಳೂರಿಗೆ ಹೋಗಬೇಕು. ಮಳೆಗಾಲದಲ್ಲಿ ಅದು ಸುಲಭವಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ದಿನಗಟ್ಟಲೆ ಬಂದ್ ಆಗಿತ್ತು. ಹಾಗಾಗಿ:

• ಡ್ರಾಪ್ಸ್ ಮುಗಿಯುವ ಮೊದಲೇ ಇನ್ನೊಂದು ಬಾಟಲಿ ತಂದಿಡಿ.
• ಯಾವ ಸಾಧನ ಹಾಕಿದ್ದಾರೆಂದು ಡಿಸ್ಚಾರ್ಜ್ ಕಾರ್ಡಿನಲ್ಲಿ ನೋಡಿ, ಫೋಟೋ ತೆಗೆದಿಡಿ.
• ದೂರ ಹೋಗಲಾಗದಿದ್ದರೆ ಕಾರವಾರದ ಕ್ರಿಮ್ಸ್‌ನಲ್ಲೋ ಹತ್ತಿರದ ಕಣ್ಣಿನ ಡಾಕ್ಟರಲ್ಲೋ ವಿಚಾರಿಸಿ, ಪ್ರೆಶರ್ ಅಳೆಸಿ, ಆಪರೇಷನ್ ಮಾಡಿದವರಿಗೆ ಫೋನಿನಲ್ಲಿ ತಿಳಿಸಿ.
• ತೀವ್ರ ನೋವು, ಹೆಚ್ಚುವ ಕೆಂಪು, ಕೀವು, ನೋಟ ಮಂಜಾಗುವುದು, ವಾಂತಿ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ನಮ್ಮ ತೀರ್ಮಾನ
ಪ್ರೆಶರ್ ಏರಿದ್ದು ಕಂಡರೆ ಹೆದರಿ ಚಿಕಿತ್ಸೆ ಬಿಡಬೇಡಿ, ಹಾಗೆಂದು ಉಪೇಕ್ಷೆಯೂ ಬೇಡ. ಗ್ಲಾಕೋಮಾದಿಂದ ಹೋದ ನೋಟ ಮರಳಿ ಬರುವುದಿಲ್ಲ. ಉಳಿದಿರುವುದನ್ನು ಕಾಯಬಹುದು. ಮನೆಯಲ್ಲಿ ಟ್ಯೂಬ್ ಹಾಕಿಸಿಕೊಂಡವರಿದ್ದರೆ ಮುಂದಿನ ತಪಾಸಣೆ ಯಾವಾಗ ಎಂದು ಇವತ್ತೇ ಕೇಳಿ.